ಇಪ್ಪತ್ತೆಂಟು ವರ್ಷದ ನಮ್ಮ ಅತ್ತೆಯವರ ಪರವಾಗಿ

ಹೊಸ ವಿಮಾನ ನಿಲ್ದಾಣದ ಮುಖ್ಯ ವಿನ್ಯಾಸಕರ ಸನ್ನಿಧಿಗೆ,

ಮಾನ್ಯರೇ,

ತಮಗೂ, ತಮ್ಮ ನಕ್ಷೆಗಳಿಗೂ, ಆ ನಕ್ಷೆಗಳಲ್ಲಿ ಸದಾ ನೆಟ್ಟಗೆ ನಡೆಯುತ್ತಿರುವ ಪುಟ್ಟ ಪುಟ್ಟ ಮನುಷ್ಯರಿಗೂ ನನ್ನ ಆದರದ ನಮಸ್ಕಾರಗಳು. ಈ ಪತ್ರ ಬರೆಯಲು ಕೂತಾಗಿನಿಂದ ಒಂದು ಸಾಲು ತಲೆಯಲ್ಲಿ ಸುಳಿಯುತ್ತಿದೆ. ‘ದೂರವೆಂಬುದು ಕಾಲಿನದಲ್ಲ, ಮನಸ್ಸಿನದು’ ಎಂದೇನೋ ಇತ್ತು. ಯಾರು ಬರೆದದ್ದೋ, ಎಲ್ಲಿ ಓದಿದ್ದೋ ನೆನಪಿಲ್ಲ. ಕೊನೆಯ ಪದ ಮನಸ್ಸೇ ಆಗಿತ್ತೋ ಬೇರೇನಾದರೂ ಇತ್ತೋ, ಅದೂ ಖಾತ್ರಿಯಿಲ್ಲ. ಸಾಹಿತ್ಯದಲ್ಲಿ ಸ್ನಾತಕೋತ್ತರ ಪದವಿ ಪಡೆದವಳು ಹೀಗೆ ಅರ್ಧಂಬರ್ಧ ಹೇಳಬಾರದು, ನಿಜ. ಆದರೆ ಇಷ್ಟು ವರ್ಷ ಆ ಸಾಲನ್ನು ಕಣ್ಣು ಮುಚ್ಚಿ ನಂಬಿಕೊಂಡು ಬಂದ ನನಗೆ ತಮ್ಮ ಹೊಸ ಟರ್ಮಿನಲ್ ನೋಡಿದ ಮೇಲೆ ಮೊದಲ ಬಾರಿಗೆ ಒಂದು ಅನುಮಾನ ಬಂದಿದೆ: ಅದನ್ನು ಬರೆದವರು ಕೂತು ಬರೆದಿರಬೇಕು.

ಮೊದಲು ಮೆಚ್ಚುಗೆಯ ಮಾತು. ಟರ್ಮಿನಲ್ಲಿನ ಚಾವಣಿ ರೆಕ್ಕೆ ಬಿಚ್ಚಿದ ಹಕ್ಕಿಯಂತಿದೆ ಎಂದು ತಾವು ಉಪನ್ಯಾಸವೊಂದರಲ್ಲಿ ಹೇಳಿದ್ದನ್ನು ಪತ್ರಿಕೆಯಲ್ಲಿ ಓದಿದ್ದೆ. ಕತ್ತೆತ್ತಿ ನೋಡಿದೆ, ಹೌದು, ಹಾಗೆಯೇ ಇದೆ. ಹಳೆಯ ನಿಲ್ದಾಣದ ಚಾವಣಿ ತಗಡಿನಂತಿತ್ತು, ಏಕೆಂದರೆ ಅದು ತಗಡೇ ಆಗಿತ್ತು. ಅಲ್ಲಿ ಬಾಗಿಲು ದಾಟಿದರೆ ಕಬ್ಬಿಣದ ಕುರ್ಚಿಗಳ ಸಾಲು, ಸಾಲು ದಾಟಿದರೆ ಗಾಜು, ಗಾಜಿನಾಚೆ ವಿಮಾನ. ಕಲೆಗೆ ಎಡೆಯೇ ಇರಲಿಲ್ಲ. ತಾವು ಎರಡು ರನ್‌ವೇಗಳನ್ನು ಅಕ್ಕಪಕ್ಕ ಹಾಸಿ, ನಡುವೆ ಕಟ್ಟಡವನ್ನು ರಬ್ಬರಿನಂತೆ ಎಳೆದು, ತಪಾಸಣೆಯ ಜಾಗದಿಂದ ಕೊನೆಯ ಗೇಟಿನವರೆಗೆ ಒಂದೇ ಒಂದು ಹಾದಿ ಮಾಡಿದ್ದೀರಿ. ಆ ಹಾದಿಯಲ್ಲಿ ಸುಗಂಧದ ಅಂಗಡಿಯಿದೆ, ಕೈಗಡಿಯಾರದ ಅಂಗಡಿಯಿದೆ, ಗೋಡೆ ತುಂಬ ಮೋಡಗಳ ಚಿತ್ರವಿದೆ. ಕೂರಲು ಮಾತ್ರ ಏನೂ ಇಲ್ಲ. ಕುರ್ಚಿಗಳೆಲ್ಲ ಗೇಟಿನ ಬಳಿ ಇವೆ, ಅಂದರೆ ನಡೆದು ಮುಗಿಸಿದವರಿಗೆ ಬಹುಮಾನದ ರೂಪದಲ್ಲಿ. ನಡುವೆ ಬೆಂಚು ಇಟ್ಟರೆ ಹರಿವಿಗೆ ಅಡ್ಡಿ, ಪ್ರಯಾಣಿಕ ನೀರಿನಂತೆ ಹರಿಯಬೇಕು ಎಂಬುದು ತಮ್ಮ ಸಿದ್ಧಾಂತವಂತೆ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎಂಬ ಗಾದೆಯನ್ನು ನಮ್ಮ ಹಿರಿಯರು ಊಟಕ್ಕಷ್ಟೇ ಸೀಮಿತಗೊಳಿಸಿದ್ದರು; ಅದನ್ನು ಕಟ್ಟಡಕ್ಕೂ ಅನ್ವಯಿಸಿದ ಕೀರ್ತಿ ತಮ್ಮದು.

ಈಗ ನಮ್ಮ ಅತ್ತೆಯವರ ಪರಿಚಯ. ಅವರು ನನ್ನ ಗಂಡನ ತಾಯಿ. ದುಡಿಯುವ ಕಾಲದಲ್ಲಿ ದೂರವಾಣಿ ಕೇಂದ್ರದಲ್ಲಿ ಕೂತು, ಕಿವಿಗೆ ಯಂತ್ರ ಸಿಕ್ಕಿಸಿಕೊಂಡು, ಒಂದೂರಿನ ದನಿಯನ್ನು ಇನ್ನೊಂದೂರಿಗೆ ಜೋಡಿಸುತ್ತಿದ್ದವರು. ಅವರ ತಂಗಿ ಬಹು ದೂರದ ಊರಿನಲ್ಲಿದ್ದಾರೆ. ಮದುವೆಯಾಗಿ ಬೇರೆಯಾದಾಗಿನಿಂದ ಅಕ್ಕತಂಗಿಯರ ಬಾಳುವೆಯೆಲ್ಲ ಫೋನಿನಲ್ಲೇ ನಡೆದಿದೆ: ಮೊಮ್ಮಕ್ಕಳ ಮೊದಲ ಹಲ್ಲು, ತಂತಮ್ಮ ಕೊನೆಯ ಹಲ್ಲು, ಸೊಸೆಯಂದಿರ ಮೇಲಿನ ದೂರು, ಎಲ್ಲವೂ. ಈಚೆಗೆ ಆ ತಂಗಿಗೆ ಕಿವಿ ಪೂರ್ತಿ ಹೋಯಿತು. ಫೋನಿನ ಪರದೆಯಲ್ಲಿ ಮುಖ ತೋರಿಸಿದೆವು. ಒಬ್ಬರನ್ನೊಬ್ಬರು ನೋಡಿ ಇಬ್ಬರೂ ಅತ್ತರು, ಅಷ್ಟೇ ಆದದ್ದು. ಇನ್ನು ಮಾತಾಡಬೇಕೆಂದರೆ ಎದುರು ಕೂತು, ಕೈ ಹಿಡಿದು, ತುಟಿ ಓದಿಸಿಯೇ ಆಡಬೇಕು. ರೈಲಿನಲ್ಲಿ ಅಷ್ಟು ದೂರ ಆಗದ ಮಾತು, ಏಕೆಂದರೆ ಅತ್ತೆಯವರ ಕಾಲುಗಳೆರಡೂ ಕೈಕೊಟ್ಟಿವೆ. ಹಾಗಾಗಿ ವಿಮಾನ.

ತಪ್ಪು ತಿಳಿಯಬೇಡಿ, ಅತ್ತೆಯವರು ನಡೆಯಬಲ್ಲರು, ಆದರೆ ಕಂತಿನಲ್ಲಿ. ಸ್ವಲ್ಪ ನಡೆಯುತ್ತಾರೆ, ಸ್ವಲ್ಪ ಕೂರುತ್ತಾರೆ, ಮಂಡಿಗೆ ಒಂದೆರಡು ಬೈಗುಳ ಕೊಟ್ಟು ಮತ್ತೆ ನಡೆಯುತ್ತಾರೆ. ಗಾಲಿಕುರ್ಚಿ ಬೇಡ ಎನ್ನುತ್ತಾರೆ. ಗಾಲಿಕುರ್ಚಿಯಲ್ಲಿ ಬಂದಿಳಿದರೆ ತಂಗಿ ಹೆದರಿಕೊಳ್ಳುತ್ತಾಳೆ, ಏನಿಲ್ಲವೆಂದು ಹೇಳಿ ಸಮಾಧಾನ ಮಾಡೋಣವೆಂದರೆ ಅವಳಿಗೆ ಕೇಳಿಸುವುದಿಲ್ಲ ಎಂಬುದು ಅವರ ವಾದ. ನಾನೂ ಒತ್ತಾಯಿಸಲಿಲ್ಲ, ಏಕೆಂದರೆ ತಮ್ಮ ನಿಲ್ದಾಣದಲ್ಲಿ ಗಾಲಿಕುರ್ಚಿ ಕೇಳಿ ಪಡೆಯುವ ಮೇಜು ಹಾದಿಯ ಆ ಕಡೆಯ ತುದಿಯಲ್ಲಿದೆ.

ನಿಲ್ದಾಣ ತೆರೆಯುವ ಮುನ್ನ ತಾಲೀಮು ನಡೆಸುತ್ತೇವೆ, ಸುತ್ತಲಿನ ನಿವಾಸಿಗಳು ಪ್ರಯಾಣಿಕರ ಪಾತ್ರ ವಹಿಸಿ ಸಹಕರಿಸಬೇಕು ಎಂದು ತಮ್ಮ ಕಚೇರಿ ಕರೆ ಕೊಟ್ಟಾಗ, ಅತ್ತೆಯವರಿಗೂ ದಾರಿ ರೂಢಿಯಾಗಲಿ ಎಂದುಕೊಂಡು ಕರೆತಂದೆ. ನಮ್ಮ ಕೆಳಗಿನ ಮನೆಯ ಈಜು ತರಬೇತುದಾರನೂ ಜೊತೆಗೆ ಬಂದ. ಬಾಗಿಲಲ್ಲಿ ಕೈಗೊಂದು ಮರಳು ತುಂಬಿದ ಸೂಟ್‌ಕೇಸು, ಕೊರಳಿಗೊಂದು ಪಾತ್ರ ಬರೆದ ಕಾರ್ಡು ಕೊಟ್ಟರು. ಯಾರಿಗೆ ಯಾವ ಪಾತ್ರವೆಂದು ಕಂಪ್ಯೂಟರು ಚೀಟಿ ಎತ್ತಿದಂತೆ ತೀರ್ಮಾನಿಸಿತ್ತು. ಮುಖ ನೋಡಿ ಪಾತ್ರ ಹಂಚಿದರೆ ಪರೀಕ್ಷೆಯಲ್ಲಿ ಪಕ್ಷಪಾತ ನುಸುಳುತ್ತದಂತೆ. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ ಆಗಬಾರದೆಂದು ಎರಡು ಕಣ್ಣನ್ನೂ ಮುಚ್ಚಿಕೊಂಡ ಇಂಥ ನ್ಯಾಯವನ್ನು ನಾನು ಬೇರೆಲ್ಲೂ ಕಂಡಿಲ್ಲ. ಅತ್ತೆಯವರ ಕಾರ್ಡಿನಲ್ಲಿ ‘ವಯಸ್ಸು ಇಪ್ಪತ್ತೆಂಟು, ವ್ಯವಹಾರ ನಿಮಿತ್ತ ಪ್ರಯಾಣ, ಅವಸರದಲ್ಲಿದ್ದಾರೆ’ ಎಂದಿತ್ತು. ನಮ್ಮ ಮೆಟ್ಟಿಲುಗಳನ್ನು ಎರಡೆರಡಾಗಿ ಹಾರುವ ಈಜುಗಾರನಿಗೆ ‘ವಯಸ್ಸು ಎಂಬತ್ತೊಂದು, ಗಾಲಿಕುರ್ಚಿ’ ಬಂದಿತ್ತು. ನನ್ನದು ‘ಹೊರದೇಶದವರು, ಇಲ್ಲಿಯ ಭಾಷೆ ಬಾರದು.’ ಅತ್ತೆಯವರು ತಮ್ಮ ಕಾರ್ಡನ್ನು ನನ್ನಿಂದ ಓದಿಸಿಕೊಂಡು, ಇಪ್ಪತ್ತೆಂಟರಲ್ಲಿ ತಮಗೆ ಇಬ್ಬರು ಮಕ್ಕಳಿದ್ದರು, ಅವಸರ ಆಗಲೂ ಇತ್ತು ಎಂದಷ್ಟೇ ಹೇಳಿ ಹೊರಟರು.

ಸುಗಂಧದ ಅಂಗಡಿಯವರೆಗೆ ಬಂದರು. ಅಲ್ಲಿ ಮಂಡಿ ಹಿಡಿದುಕೊಂಡಿತು. ಕೂರಲು ಅತ್ತಿತ್ತ ನೋಡಿದರು, ಮೋಡಗಳಿದ್ದವು. ಗೋಡೆಗೆ ಒರಗಲು ಹೋದರೆ, ಬಣ್ಣ ಹೊಸದು, ಮುಟ್ಟಬೇಡಿ ಎಂದು ಕಾವಲಿನವರು ವಿನಯದಿಂದ ತಿಳಿಸಿದರು. ಹಿಂದಿನಿಂದ ಗಾಲಿಕುರ್ಚಿಯಲ್ಲಿ ಬರುತ್ತಿದ್ದ ಈಜುಗಾರ ಇದನ್ನು ನೋಡಿ, ಚಿಮ್ಮಿ ಎದ್ದು, ಕುರ್ಚಿಯನ್ನು ಅತ್ತೆಯವರತ್ತ ತಿರುಗಿಸಿದ. ಕುರ್ಚಿ ತಳ್ಳುತ್ತಿದ್ದ ತಮ್ಮ ಸಿಬ್ಬಂದಿಯ ಹುಡುಗಿ ಅವನ ಭುಜ ಒತ್ತಿ ಮತ್ತೆ ಕೂರಿಸಿದಳು. “ಅಜ್ಜಾ, ನೀವು ಏಳೋ ಹಾಗಿಲ್ಲ” ಎಂದು ಅವನಿಗೆ ಹೇಳಿ, ಅತ್ತೆಯವರ ಕಾರ್ಡು ಓದಿ, “ಮೇಡಂ, ನೀವು ಅವಸರದಲ್ಲಿದ್ದೀರಿ” ಎಂದು ನೆನಪಿಸಿದಳು. ಇವರಿಗೆ ಮಂಡಿ ನೋವು, ಅರೆಗಳಿಗೆ ಕೂತರೆ ಸಾಕು ಎಂದು ನಾನು ಅಂಗಲಾಚಿದೆ. ಅವಳು ನನ್ನ ಕಾರ್ಡನ್ನೂ ಓದಿ, ನನ್ನ ಮಾತು ಕೇಳಿಸಿದರೂ ಅರ್ಥ ಮಾಡಿಕೊಳ್ಳುವ ಅಧಿಕಾರ ತನಗಿಲ್ಲ ಎಂಬಂತೆ ಮುಗುಳ್ನಕ್ಕು, ಕೈಸನ್ನೆಯಲ್ಲಿ ಬಾಣದ ಗುರುತು ತೋರಿಸಿದಳು. ಓದಿದ್ದ ಕಾವ್ಯವೆಲ್ಲ ನನ್ನೊಳಗೇ ಉಳಿಯಿತು. ಊರುಗೋಲಿನ ಅಜ್ಜಿಯರ ಪಾತ್ರ ಸಿಕ್ಕಿದ್ದ ಕಾಲೇಜಿನ ಹುಡುಗಿಯರು ಊರುಗೋಲನ್ನು ಹೆಗಲಿಗೇರಿಸಿಕೊಂಡು ನಗುತ್ತ ನಮ್ಮನ್ನು ದಾಟಿ ಹೋದರು. ಅತ್ತೆಯವರು ಅಂಗಡಿಯ ಕಪಾಟಿನ ಅಂಚು ಹಿಡಿದು, ಬಣ್ಣಬಣ್ಣದ ಸೀಸೆಗಳಿಗೆ ಮುಖ ಮಾಡಿ, ನೋವು ಇಳಿಯುವವರೆಗೆ ನಿಂತರು. ಗಡಿಯಾರ ಹಿಡಿದ ತಮ್ಮ ಅಧಿಕಾರಿಯೊಬ್ಬರು ಅದನ್ನು ಆಸಕ್ತಿಯಿಂದ ಬರೆದುಕೊಂಡರು.

ಅವರು ಬರೆದುಕೊಂಡದ್ದು ಏನೆಂದು ತಮ್ಮ ತಾಲೀಮಿನ ವರದಿ ಪ್ರಕಟವಾದಾಗ ತಿಳಿಯಿತು. ಹಿರಿಯ ನಾಗರಿಕರು ಹಾದಿಯನ್ನು ಲೀಲಾಜಾಲವಾಗಿ ಕ್ರಮಿಸಿದ್ದರಿಂದ, ಮುಂದೆ ಹಾಕಬೇಕೆಂದಿದ್ದ ಬೆಂಚುಗಳನ್ನೂ ನಿಂತವರನ್ನು ಸಾಗಿಸುವ ಚಲಿಸುವ ಪಟ್ಟಿಯನ್ನೂ ಕೈಬಿಡಲಾಗಿದೆ. ಯುವ ವ್ಯವಹಾರಸ್ಥರು ಸುಗಂಧದ ಅಂಗಡಿಯ ಮುಂದೆ ಬಹಳ ಹೊತ್ತು ನಿಲ್ಲಲು ಇಷ್ಟಪಡುವುದು ಕಂಡುಬಂದಿದ್ದರಿಂದ, ಅಲ್ಲೇ ಎದುರಿಗೆ ಇನ್ನೊಂದು ಸುಗಂಧದ ಅಂಗಡಿ ಬರಲಿದೆ. ಹೊರದೇಶದವರಿಗೆ ಫಲಕಗಳೆಲ್ಲ ಸ್ಪಷ್ಟವಾಗಿ ಅರ್ಥವಾದವು ಎಂದೂ ಇದೆ. ಅದು ನನ್ನ ಅಳಿಲು ಸೇವೆ.

ಮನೆಗೆ ಬಂದ ಅತ್ತೆಯವರು ಜೋಡಿಸಿಟ್ಟಿದ್ದ ಬಟ್ಟೆಗಳನ್ನು ಬೀರುವಿಗೆ ಮರಳಿಸಿ, ಪೆಟ್ಟಿಗೆಯನ್ನು ಅಟ್ಟಕ್ಕೆ ಹಾಕಿಸಿದರು. “ವಿಮಾನದ ಭಯ ಇಲ್ಲ ಕಣೆ ನಂಗೆ. ವಿಮಾನದ ತನಕ ಹೋಗೋದೇ ಭಯ” ಎಂದರು. ಈಗ ದಿನಾ ಸಂಜೆ ತಂಗಿಯ ಮನೆಗೆ ಫೋನು ಮಾಡುತ್ತಾರೆ. ತಂಗಿಯ ಸೊಸೆ ಎತ್ತಿ, ಫೋನನ್ನು ಅವರ ಕೈಗೆ ಕೊಡುತ್ತಾಳೆ. ಆಚೆಯಿಂದ ತಂಗಿ ಮನಸ್ಸಿಗೆ ಬಂದದ್ದನ್ನೆಲ್ಲ ಹೇಳುತ್ತಾರೆ, ಈಚೆಯಿಂದ ಇವರು ಕೇಳುತ್ತಾರೆ. ‘ಕೇಳ್ತಾ ಇದ್ದೀಯಾ ಅಕ್ಕಾ’ ಎಂದು ಅವರು ನಡುನಡುವೆ ಕೇಳುತ್ತಾರೆ. ಅತ್ತೆಯವರು ಫೋನಿಗೆ ತಲೆಯಾಡಿಸುತ್ತಾರೆ.

ಆದ್ದರಿಂದ ಮಾನ್ಯರಲ್ಲಿ ಕೆಲವು ಬಿನ್ನಹಗಳು. ರನ್‌ವೇಗಳು ಇನ್ನೂ ಹೊಸವಾಗಿರುವುದರಿಂದ, ಗಟ್ಟಿಯಾಗಿ ಬೇರು ಬಿಡುವ ಮೊದಲೇ ಅವನ್ನು ಕಿತ್ತು ಮುಂಬಾಗಿಲ ಹತ್ತಿರಕ್ಕೆ ನೆಡಲು ಸಾಧ್ಯವೇ ಎಂದು ದಯವಿಟ್ಟು ಪರಿಶೀಲಿಸಬೇಕು. ಅದು ತೊಡಕೆನಿಸಿದರೆ, ಅತ್ತೆಯವರಿಗೆ ಇಪ್ಪತ್ತೆಂಟು ವರ್ಷವೆಂದು ತಮ್ಮ ರುಜುವಿನೊಂದಿಗೆ ಪ್ರಮಾಣಪತ್ರ ಕೊಡಬೇಕು. ಅವರ ಮೂಳೆ ವೈದ್ಯರು ನನ್ನ ಬಾಯಿಮಾತನ್ನು ಒಪ್ಪುತ್ತಿಲ್ಲ. ಮೇಲಾಗಿ ಅತ್ತೆಯವರ ಮಗನಿಗೆ ಈಗ ಐವತ್ತೆರಡು, ಈ ಲೆಕ್ಕವನ್ನು ವೈದ್ಯರಿಗೆ ವಿವರಿಸಲು ನನ್ನೊಬ್ಬಳಿಂದ ಆಗದು. ಇನ್ನು ನೀರಿನ ವಿಷಯ. ಕಾವ್ಯ ಓದುವವಳಾದ್ದರಿಂದ ತಮ್ಮ ಉಪಮೆಯ ಬಗ್ಗೆ ಬಹಳ ಯೋಚಿಸಿದೆ. ಹರಿಯುವುದು ನೀರಿನ ಗುಣ, ಒಪ್ಪಿದೆ. ಆದರೆ ನಾನು ನೋಡಿದ ನೀರೆಲ್ಲ ತಗ್ಗು ಸಿಕ್ಕಿದಲ್ಲಿ ನಿಂತು, ತುಂಬಿಕೊಂಡು, ಆಮೇಲೆ ಮುಂದಕ್ಕೆ ಹೋಗುತ್ತಿತ್ತು. ಎಲ್ಲೂ ನಿಲ್ಲದೆ ಓಡುವ ನೀರನ್ನು ನಮ್ಮ ಕಡೆ ಚರಂಡಿಯಲ್ಲಿ ಮಾತ್ರ ಕಾಣುತ್ತೇವೆ. ತಮ್ಮ ನೀರು ಯಾವುದೆಂದು ತಿಳಿಸಿದರೆ ಉಪಕಾರವಾಗುತ್ತದೆ.

ಇವೆಲ್ಲ ಆಗದಿದ್ದರೆ ಒಂದು ಬೆಂಚು. ಸುಗಂಧದ ಅಂಗಡಿಯ ಎದುರಿಗೆ, ಒಬ್ಬರು ಕೂರುವಷ್ಟು. ಬೆನ್ನಿಗೆ ಒರಗು ಇಲ್ಲದಿದ್ದರೂ ನಡೆದೀತು, ಹಕ್ಕಿಯಂತೆ ಕಾಣದಿದ್ದರೂ ನಡೆದೀತು. ಈ ತಿಂಗಳ ಕೊನೆಗೆ ಹಳೆಯ ನಿಲ್ದಾಣ ಮುಚ್ಚುತ್ತದೆ, ಅಲ್ಲಿಯವರೆಗಿನ ಟಿಕೆಟುಗಳೆಲ್ಲ ಆಗಲೇ ಮುಗಿದಿವೆ. ಆಮೇಲೆ ಅಕ್ಕತಂಗಿಯರ ನಡುವೆ ಉಳಿಯುವುದು ತಮ್ಮ ಹಾದಿಯೊಂದೇ.

ತಮ್ಮ ವಿಶ್ವಾಸಿ,
ಇಲ್ಲಿಯ ಭಾಷೆ ಬಾರದ ಹೊರದೇಶದವಳು
(ತಮ್ಮ ಕಾರ್ಡಿನ ಪ್ರಕಾರ)

ಮರೆತ ಮಾತು: ಈ ಪತ್ರವನ್ನು ಲಕೋಟೆಗೆ ಹಾಕುವ ಹೊತ್ತಿಗೆ ಎಂಬತ್ತೊಂದರ ನಮ್ಮ ಈಜುಗಾರ ಬಾಗಿಲು ತಟ್ಟಿದ. ಒಳಗೆ ಬಾ ಎಂದರೂ ಬಾರದೆ, ಹೊಸ್ತಿಲಲ್ಲೇ ನಿಂತು ಪತ್ರವನ್ನು ಪೂರ್ತಿ ಓದಿದ. ಉತ್ತರ ಬರುವವರೆಗೆ ಕಾಯುವುದೇಕೆ, ಟಿಕೆಟು ತೆಗೆಸಿ, ತಾನೂ ಜೊತೆಗೆ ಬರುತ್ತೇನೆ ಎಂದ. ಮಂಡಿ ಹಿಡಿದಲ್ಲಿ ಅಮ್ಮ ನೆಲದ ಮೇಲೇ ಕೂರಲಿ, ಪಕ್ಕದಲ್ಲಿ ತಾನೂ ಕೂರುತ್ತೇನೆ, ಹಿಂದೆ ಬರುವವರಿಗೂ ಮಂಡಿಗಳಿರುತ್ತವೆ, ನೋಡಿ ಅವರೂ ಕೂರುತ್ತಾರೆ ಎಂದ. ತಮ್ಮ ಹರಿವಿನ ಬಗ್ಗೆ ನನಗೆ ಕಳವಳವಾಯಿತು. ಅಷ್ಟರಲ್ಲಿ ಒಳಕೋಣೆಯಿಂದ ಅತ್ತೆಯವರು, ಹಾಗೆ ಕೂತರೆ ನಿಲ್ದಾಣದವರು ಬಂದು ಎಬ್ಬಿಸುವುದಿಲ್ಲವೇ ಎಂದು ಕೇಳಿದರು. ಅದಕ್ಕೆ ಅವನು ಬಾಗಿಲಿನಿಂದಲೇ ಹೇಳಿದ: “ಬರ್ಲಿ ಬಿಡಿ ಅಮ್ಮ. ಅವರು ಆ ತುದಿಯಿಂದ ನಡ್ಕೊಂಡು ಬರೋಷ್ಟ್ರಲ್ಲಿ ನಿಮ್ಮ ನೋವು ಇಳಿದಿರುತ್ತೆ.”