ನೇರಳೆ ಮರದ ಹುಳುಕು

ಮೂವತ್ತೆಂಟು ವರ್ಷ ಕಂಡವರ ಬಾಯಿಗೆ ಕೈಹಾಕಿಯೇ ಬದುಕಿದ ದಂತವೈದ್ಯ ನಾನು. ನಾನು ತುಂಬಿದ ಹುಳುಕು ಹಲ್ಲುಗಳನ್ನು ಸಾಲಾಗಿ ಜೋಡಿಸಿದರೆ ನಮ್ಮ ಬೀದಿಯ ಎರಡೂ ಬದಿಗೆ ಕಾಂಪೌಂಡ್ ಕಟ್ಟಬಹುದು! ಅಂಥವನ ಎದುರಿಗೇ, ಹಿತ್ತಲಿನ ನೇರಳೆ ಮರದ ಪೊಟರೆಯನ್ನು ತೋರಿಸಲು ಯಾರಾದರೂ ತಿಳಿದವರನ್ನು ಕರೆಸೋಣ ಎಂದು ಹೆಂಡತಿ ಹೇಳಿದರೆ ಹೇಗಾಗಬೇಡ?

"ತಿಳಿದವರು ಮನೆಯಲ್ಲೇ ಇದ್ದಾರೆ," ಎಂದೆ.

"ಅದು ಮರ ರೀ, ಹಲ್ಲಲ್ಲ."

"ಏನು ವ್ಯತ್ಯಾಸ? ಎರಡಕ್ಕೂ ಬೇರಿದೆ. ಎರಡೂ ಹುಳುಕಾಗುತ್ತೆ. ವಯಸ್ಸಾದ್ಮೇಲೆ ಎರಡೂ ಅಲ್ಲಾಡುತ್ತೆ."

"ಕೆಲವರ ತಲೇನೂ ಅಷ್ಟೇ," ಎಂದು ಅವಳು ಒಳಗೆ ಹೋದಳು.

ನಾವು ನಗುವ ಹೊತ್ತೇನೂ ಅದಾಗಿರಲಿಲ್ಲ. ಮರಕ್ಕೆ ಅರವತ್ತು ದಾಟಿತ್ತು. ನನ್ನ ಮಾವ ಈ ಮನೆಗೆ ಬಂದ ವರ್ಷ ನೆಟ್ಟದ್ದು. ಮಾವ ಈಗಿಲ್ಲ. ಅತ್ತೆ ನಮ್ಮ ಜೊತೆಗಿದ್ದಾರೆ. ಮಧ್ಯಾಹ್ನದ ಊಟವನ್ನು ಅವರು ಒಳಗೆ ಮಾಡಿದವರೇ ಅಲ್ಲ. ತಟ್ಟೆ ಹಿಡಿದು ಸೀದಾ ಮರದ ಕೆಳಗೆ ಹೋಗಿ, ಬೆತ್ತದ ಕುರ್ಚಿಯಲ್ಲಿ ಮನೆಗೆ ಬೆನ್ನು ಹಾಕಿ ಕೂತು, ಒಬ್ಬರೇ ಉಣ್ಣುತ್ತಿದ್ದರು. ಗಂಡನ ಮೇಲೆ ಎಂಥ ಪ್ರೀತಿ, ಎಂದು ನನ್ನ ಕಣ್ಣು ಒದ್ದೆಯಾಗುತ್ತಿತ್ತು.

ಪಕ್ಕದ ಮನೆಯ ನಿವೃತ್ತ ಹೆಡ್‌ಮೇಡಂಗೆ ಮಾತ್ರ ಈ ಪ್ರೀತಿ ಕಾಣಲಿಲ್ಲ. ಕಂಡದ್ದು ತಮ್ಮ ಮಾಳಿಗೆಯ ಮೇಲೆ ಬಾಗಿದ ಕೊಂಬೆ. ನಗರಸಭೆಗೆ ಮೂರು ಪುಟದ ಅರ್ಜಿ ಬರೆದರು, ಮುಖ್ಯವಾದ ಕಡೆಯಲ್ಲೆಲ್ಲ ಕೆಂಪು ಶಾಯಿಯ ಗೆರೆ ಎಳೆದು! ನಮಗೆ ನೋಟಿಸ್ ಬಂತು. ಶುಕ್ರವಾರ ಅಧಿಕಾರಿ ಬಂದು ಮರ ಪರೀಕ್ಷಿಸುತ್ತಾರೆ, ಅಪಾಯ ಎಂದು ಕಂಡರೆ ಬುಡಸಮೇತ ಕಡಿಸುತ್ತಾರೆ.

ಅತ್ತೆಯ ಮುಖ ಬಿಳುಚಿಕೊಂಡಿತು. "ಈ ಮರ ಹೋದ್ರೆ ನಾನು ಈ ಮನೇಲಿ ಇರೋಲ್ಲ. ದೊಡ್ಡ ಮಗಳ ಮನೆಗೆ ಹೊರಟುಹೋಗ್ತೀನಿ."

"ಅಮ್ಮ ಹೋದ್ರೆ ಅವಳ ಹಿಂದೆ ನಾನೂ," ಎಂದಳು ನನ್ನಾಕೆ, ನನ್ನ ಕಡೆ ತಿರುಗಿ. ಮರ ಬಾಗಿದ್ದಕ್ಕೂ ನನಗೂ ಏನು ಸಂಬಂಧವೋ!

ನಾನು ಎದೆ ತಟ್ಟಿಕೊಂಡು ಎದ್ದುನಿಂತೆ. "ಶುಕ್ರವಾರ ಅವರು ಬರೋ ಹೊತ್ತಿಗೆ ಈ ಮರದಲ್ಲಿ ಪೊಟರೆಯೇ ಇರಲ್ಲ! ಇದು ನನ್ನ ಮಾತು!"

"ಅಳಿಯಂದ್ರೇ, ನೀವೇ ಮಾಡ್ಬೇಕಾ?" ಎಂದರು ಅತ್ತೆ. ಅವರ ದನಿಯಲ್ಲಿದ್ದ ಭಯವನ್ನು ನಾನು ಸಂಕೋಚ ಎಂದುಕೊಂಡೆ. ಏಕೆಂದರೆ ನನ್ನ ಕೈಚಳಕಕ್ಕೆ ನಡೆದಾಡುವ ಸಾಕ್ಷಿ ಅವರೇ. ಆರು ವರ್ಷದ ಹಿಂದೆ ಅವರಿಗೆ ಮೇಲಿನದೂ ಕೆಳಗಿನದೂ ಪೂರ್ತಿ ಹಲ್ಲಿನ ಸೆಟ್ ಮಾಡಿಕೊಟ್ಟವನು ನಾನು. ಮೊದಲ ವಾರ "ಸ್ವಲ್ಪ ಒತ್ತುತ್ತೆ" ಅಂದಿದ್ದರು. "ಅಭ್ಯಾಸ ಆಗುತ್ತೆ ಅತ್ತೆ" ಅಂದಿದ್ದೆ. ಆಮೇಲೆ ಅವರು ತುಟಿ ಪಿಟಕ್ಕೆನ್ನಲಿಲ್ಲ. ಅಭ್ಯಾಸವಾಯಿತು ಎಂದೇ ಅರ್ಥ ತಾನೇ?

ಮಂಗಳವಾರ ಬೆಳಗ್ಗೆ ನೀಲಿ ಏಪ್ರನ್, ಕೈಗವಸು, ಮುಖಕ್ಕೆ ಮಾಸ್ಕ್ ಧರಿಸಿ ರಣರಂಗಕ್ಕೆ ಇಳಿದೆ. ಅಡುಗೆಮನೆಯಿಂದ ವೈರ್ ಎಳೆದು ಡ್ರಿಲ್ಲಿಂಗ್ ಮಷೀನ್ ಚಾಲೂ ಮಾಡಿದೆ. "ಸ್ವಲ್ಪ ನೋವಾಗಬಹುದು, ಹೆದರ್ಕೋಬೇಡಿ," ಎಂದು ಅಭ್ಯಾಸಬಲದಿಂದ ಮರಕ್ಕೂ ಹೇಳಿಬಿಟ್ಟೆ.

"ಬಾಯಿ ಮುಕ್ಕಳಿಸಿ ಉಗುಳೋಕೆ ಹೇಳೋದು ಮರೀಬೇಡಿ!" ಎಂದು ಅಡುಗೆಮನೆಯ ಕಿಟಕಿಯಿಂದ ಕೂಗು ಬಂತು.

ಹುಳುಕನ್ನು ಪೂರ್ತಿ ಕೊರೆದು ತೆಗೆದ ಮೇಲೆಯೇ ತುಂಬಬೇಕು. ಇದು ನಮ್ಮ ವೃತ್ತಿಯ ಮೊದಲ ಪಾಠ. ಕೊರೆದೆ. ಕೊರೆದಷ್ಟೂ ಪುಡಿ ಬಂತು. ಪುಡಿ ಬಂದಷ್ಟೂ ಕೊರೆದೆ. ಚೆಂಬು ಹಿಡಿಸುವಷ್ಟಿದ್ದ ಪೊಟರೆ ಕೊಡ ಹಿಡಿಸುವಷ್ಟಾದಾಗ ಮಷೀನ್ ಒಮ್ಮೆ ಕಿರುಚಿ ನಿಂತಿತು. ಅದರ ಹಿಂದೆಯೇ ಹೆಂಡತಿಯೂ ಕಿರುಚಿದಳು. "ಇಡೀ ಮನೆ ಫ್ಯೂಸ್ ಹೋಯ್ತು ರೀ!"

ಒಳಗೆಲ್ಲ ಗುಡಿಸಿ, ತೊಳೆದು, ಹತ್ತಿಯಿಂದ ಒರೆಸಿದೆ. ಬಲಬದಿಗೆ ಯಾರೋ ಉಜ್ಜಿ ನಯಮಾಡಿದಂಥ ಒಂದು ಸಣ್ಣ ಗೂಡಿತ್ತು. ಅಳಿಲಿನದಿರಬೇಕು, ಶುಚಿಯಾದ ಪ್ರಾಣಿ ಅಂದುಕೊಂಡೆ. ಪೊಟರೆ ಒಣಗದೆ ಸಿಮೆಂಟ್ ಹಾಕುವಂತಿಲ್ಲ. ಹಾಗಾಗಿ ಊಟ ಮಾಡಿ ನಿದ್ದೆ ತೆಗೆದೆ.

ಎದ್ದು ಬಂದಾಗ ಸಂಜೆ. ಅತ್ತೆ ಊಟ ಮುಗಿಸಿ, ಬಾಯಿಯ ಮೇಲೆ ಟವೆಲ್ ಹಾಕಿಕೊಂಡು, ಕುರ್ಚಿಯಲ್ಲೇ ಗೊರಕೆ ಹೊಡೆಯುತ್ತಿದ್ದರು. ಹಿರಿಯರ ನಿದ್ದೆ ಕೆಡಿಸಬಾರದೆಂದು ತುದಿಗಾಲಲ್ಲಿ ನಡೆದು ಕಾಂಕ್ರೀಟ್ ಬಾಂಡಲಿ ಹೊತ್ತೆ. ಮಾಸ್ಕಿನಿಂದ ಕನ್ನಡಕಕ್ಕೆ ಹಬೆ ಹತ್ತಿ ಎಲ್ಲವೂ ಮಸುಕು. ಆದರೇನು, ಈ ಕೈಗೆ ಕಣ್ಣಿನ ಹಂಗಿಲ್ಲ! ಒಂದು ಬಾಂಡಲಿ ಸುರಿದೆ, ನುಂಗಿತು. ಎರಡು, ನುಂಗಿತು. ಎಂಟನೆಯದಕ್ಕೆ ಬಾಯಿ ಮಟ್ಟಕ್ಕೆ ಬಂತು. ಕರಣೆಯಿಂದ ನಯವಾಗಿ ಸವರಿ ಹಿಂದೆ ಸರಿದು ನಿಂತೆ. ನನಗೇ ನನ್ನ ಮೇಲೆ ಗೌರವ ಬಂತು.

ಬೆಳಗ್ಗೆ ಹೆಂಡತಿ ಕೇಳಿದಳು. "ಗಿಡಕ್ಕೆ ನೀರು ಬಿಡೋ ಪೈಪು ಎಲ್ರೀ?"

"ಮರದ ಬುಡದಲ್ಲಿದೆ."

"ತಗೊಂಡು ಬನ್ನಿ."

"ತರೋಕಾಗಲ್ಲ."

ಪೊಟರೆಗೆ ಆ ಕಡೆ, ಬೇರಿನ ಹತ್ತಿರ, ಇನ್ನೊಂದು ಬಾಯಿಯಿತ್ತು. ಎಂಟು ಬಾಂಡಲಿಯಲ್ಲಿ ನಾಲ್ಕು ಅಲ್ಲಿಂದ ಹೊರಬಂದು ಪೈಪನ್ನು ಅಪ್ಪಿಕೊಂಡು ಗಟ್ಟಿಯಾಗಿತ್ತು. ಅವಳು ಮಾತಾಡಲಿಲ್ಲ. ಇನ್ನು ಮೂರು ದಿನ ಮಾತಾಡುವ ಲಕ್ಷಣವೂ ಕಾಣಲಿಲ್ಲ.

ವಿಚಿತ್ರವೆಂದರೆ ಅತ್ತೆಯೂ ಮಾತು ಬಿಟ್ಟರು! ಬಾಯಿಗೆ ಅಡ್ಡ ಹಿಡಿದ ಟವೆಲ್ ತೆಗೆಯುವುದಿಲ್ಲ. ಏನು ಕೇಳಿದರೂ ತಲೆ ಆಡಿಸುತ್ತಾರೆ. ಕೋಣೆಯ ಬಾಗಿಲು ಹಾಕಿಕೊಂಡು ಹಾಲಲ್ಲಿ ನೆನೆಸಿದ ಬ್ರೆಡ್ ತಿನ್ನುತ್ತಾರೆ. ಆಗಾಗ ಮರದ ಹತ್ತಿರ ಹೋಗಿ ಸಿಮೆಂಟಿನ ಮೇಲೆ ಕೈಯಾಡಿಸಿ ನಿಟ್ಟುಸಿರು ಬಿಡುತ್ತಾರೆ.

"ನೋಡು, ಕೃತಜ್ಞತೆ ಅಂದ್ರೆ ಇದು. ನಿಮ್ಮಮ್ಮಂಗೆ ಮಾತೇ ಹೊರಡ್ತಿಲ್ಲ," ಎಂದೆ.

ಹೆಂಡತಿ ಮೌನ ಮುರಿದಳು. "ಅಮ್ಮಂಗೆ ಏನಂದ್ರಿ ನೀವು? ನಿಜ ಹೇಳಿ!"

ಇಂಥ ಆರೋಪಗಳಿಗೆ ಕುಗ್ಗದೆ ಗುರುವಾರ ಕೊನೆಯ ಮೆರುಗು ಕೊಟ್ಟೆ. ತುಂಬಿದ ಹಲ್ಲು ಅಕ್ಕಪಕ್ಕದ ಹಲ್ಲಿನ ಬಣ್ಣಕ್ಕೆ ಹೊಂದಬೇಕು. ಸಿಮೆಂಟಿಗೆ ಎರಡು ಡಬ್ಬಿ ಕಂದು ಬೂಟ್ ಪಾಲಿಷ್ ಹಚ್ಚಿ ತಿಕ್ಕಿದೆ. ಬ್ರಹ್ಮ ಬಂದರೂ ಗೊತ್ತಾಗಬಾರದು!

ಶುಕ್ರವಾರ ಬಂದದ್ದು ಬ್ರಹ್ಮನಲ್ಲ. ಮೂವತ್ತರ ಆಸುಪಾಸಿನ ಹೆಂಗಸು, ಭುಜಕ್ಕೊಂದು ಚೀಲ, ಕೈಯಲ್ಲೊಂದು ಮರದ ಸುತ್ತಿಗೆ. ಕಾಂಡದ ಸುತ್ತ ಟಕ್ ಟಕ್ ಎಂದು ಬಡಿಯುತ್ತಾ ಕಿವಿಗೊಟ್ಟು ನಡೆದಳು. ನನ್ನ ಕಲಾಕೃತಿಯ ಮುಂದೆ ನಿಂತು ಮೂಗರಳಿಸಿದಳು.

"ಸಾರ್, ಈ ಮರ ಬೂಟು ಹಾಕ್ಕೊಳ್ಳುತ್ತಾ?"

ಕಾಂಪೌಂಡಿನ ಆಚೆಯಿಂದ ಹೆಡ್‌ಮೇಡಂ ಕಿಸಕ್ಕೆಂದರು. ನಾನು ನನ್ನ ಪದವಿ, ಅನುಭವ, ಚಿಕಿತ್ಸೆಯ ವಿಧಾನ ಎಲ್ಲವನ್ನೂ ವಿವರಿಸಿದೆ. ಆಕೆ ತಾಳ್ಮೆಯಿಂದ ಕೇಳಿದಳು.

"ಪೊಟರೆ ಇದ್ರೆ ಮರ ಬಿದ್ದೇ ಹೋಗುತ್ತೆ ಅಂತ ಯಾರು ಹೇಳಿದ್ದು ಸಾರ್? ಸುತ್ತಲಿನ ಮರ ಗಟ್ಟಿಯಾಗಿದೆ, ಇನ್ನೂ ಮೂವತ್ತು ವರ್ಷ ನಿಲ್ಲುತ್ತೆ. ಇದಕ್ಕಿರೋ ಕಾಯಿಲೆ ನಿಮ್ಮ ಸಿಮೆಂಟೇ. ಗಾಳಿ ಬಂದ್ರೆ ಮರ ತೂಗುತ್ತೆ, ಸಿಮೆಂಟ್ ತೂಗಲ್ಲ. ಒಳಗೆ ತಿಕ್ಕಾಡಿ, ನೀರು ನಿಂತು ಕೊಳೆಯುತ್ತೆ. ಬಿಡಿಸಿಕೊಂಡು ಬಂದ್ರೆ ಮರ ಉಳೀತು. ಗಟ್ಟಿಯಾಗಿ ಕಚ್ಕೊಂಡಿದ್ರೆ ಕಡೀಲೇಬೇಕಾಗುತ್ತೆ."

ಅತ್ತೆ ಮಗಳ ತೋಳು ಹಿಡಿದುಕೊಂಡರು. ಇಬ್ಬರೂ ನನ್ನನ್ನೇ ನೋಡಿದರು. ಮೂವತ್ತೆಂಟು ವರ್ಷದಲ್ಲಿ ಮೊದಲ ಸಲ, ದೇವರೇ, ನನ್ನ ಕೆಲಸ ಕೆಟ್ಟಿರಲಪ್ಪಾ ಎಂದು ಬೇಡಿಕೊಂಡೆ.

ಉಳಿ ಇಟ್ಟು ಒಂದೇ ಏಟು. ಸಿಮೆಂಟ್ ರಸ್ಕಿನಂತೆ ಮುರಿದು ಬಿತ್ತು!

"ಮರಳೆಷ್ಟು ಹಾಕಿದ್ರಿ?"

"ಕಣ್ಣಳತೆ."

"ನಿಮ್ಮ ಪುಣ್ಯ. ಎಲ್ಲಾ ಬಿಡಿಸಿಕೊಂಡು ಬರುತ್ತೆ," ಎಂದು ಇನ್ನೆರಡು ಏಟು ಹಾಕಿದಳು. ಬಲಬದಿಯಿಂದ ಒಂದು ದೊಡ್ಡ ಹೆಂಟೆ ಉರುಳಿ ನಮ್ಮ ಕಾಲ ಬಳಿ ಮಗುಚಿಕೊಂಡಿತು. ಅದರೊಳಗಿಂದ ಇಪ್ಪತ್ತೆಂಟು ಹಲ್ಲುಗಳು ನಮ್ಮನ್ನು ನೋಡಿ ನಕ್ಕವು.

ಆಕೆ ಸುತ್ತಿಗೆ ಕೆಳಗಿಟ್ಟಳು. "ಸಾರ್... ಮರಕ್ಕೆ ಹಲ್ಲೂ ಕಟ್ಟಿದ್ದೀರಾ?"

ಹೆಡ್‌ಮೇಡಂ ಕಾಂಪೌಂಡ್ ಹಿಡಿದು ಬಗ್ಗಿ ಬಗ್ಗಿ ನಗತೊಡಗಿದರು. ನನಗೆ ನಗು ಬರಲಿಲ್ಲ. ವಾರೆಯಾದ ಆ ಕೋರೆಹಲ್ಲು ನನ್ನ ಕೈಯದೇ. ನಿಧಾನವಾಗಿ ಅತ್ತೆಯ ಕಡೆ ತಿರುಗಿದೆ. ಅವರು ಟವೆಲ್ ಇಳಿಸಿದರು. ಒಳಗೆ ಬರೀ ಬಯಲು.

"ಊಟದ ಹೊತ್ತಲ್ಲಿ ತೆಗೆದು ಅಲ್ಲೇ ಇಡ್ತಿದ್ದೆ ಅಳಿಯಂದ್ರೇ. ಆರು ವರ್ಷದಿಂದ. ಮಂಗಳವಾರ ಗೂಡು ಬೇರೆ ತೊಳೆದು ಚೊಕ್ಕಟ ಮಾಡಿದ್ರಲ್ಲ, ಖುಷಿಯಿಂದ ಇಟ್ಟು ಹಾಗೇ ನಿದ್ದೆ ಹೋದೆ."

"ಅಮ್ಮಾ! ಮರದ ಕೆಳಗೆ ಊಟ ಮಾಡ್ತಿದ್ದಿದ್ದು ಅಪ್ಪನ ನೆನಪಿಗಲ್ವಾ?"

"ಅವರ ನೆನಪು ಒಳಗೆ ಕೂತ್ರೂ ಬರುತ್ತೆ ಕಣೇ. ಹಲ್ಲು ಹಾಕ್ಕೊಂಡು ಅಗಿಯೋಕೆ ಬರಲ್ಲ. ಹೇಳಿದ್ರೆ ಇವರಿಗೆ ಬೇಜಾರಾಗುತ್ತೆ."

ಆರು ವರ್ಷ! ನನ್ನ ಕಣ್ಣು ಒದ್ದೆಯಾಗಿಸುತ್ತಿದ್ದ ಆ ಪ್ರೀತಿ ನನ್ನ ಮೇಲಿನದೇ ಆಗಿತ್ತು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಅಧಿಕಾರಿ ನಗು ನುಂಗಿಕೊಂಡು ವರದಿ ಬರೆದು, ಸೀಲು ಒತ್ತಿ, ಗಟ್ಟಿಯಾಗಿ ಓದಿದಳು. "ಪಕ್ಕದ ಮನೆಯ ಮೇಲಿನ ಕೊಂಬೆಯ ಭಾರ ಇಳಿಸತಕ್ಕದ್ದು. ಬುಡಕ್ಕೆ ತರಗೆಲೆ ಹಾಸಿ, ಬೇಸಿಗೆಯಲ್ಲಿ ನೀರುಣಿಸತಕ್ಕದ್ದು. ಪೊಟರೆಯೊಳಗೆ ಮನೆಯ ಯಜಮಾನರು ಯಾವುದೇ ಕಾರಣಕ್ಕೂ ಕೈ ಹಾಕತಕ್ಕದ್ದಲ್ಲ. ವಯಸ್ಸಾಗಿದೆ, ಅದರ ಪಾಡಿಗೆ ಬಿಡತಕ್ಕದ್ದು."

ಅತ್ತೆ ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡು, ಬೋಳುಬಾಯಿ ಅರಳಿಸಿ ಕೇಳಿದರು:

"ನನ್ನ ಬಾಯಿಗೂ ಇದೇ ಥರ ಒಂದು ಬರ್ಕೊಡು ತಾಯಿ. ಸೀಲು ಒತ್ತೋದು ಮರೀಬೇಡ."