ನೋಟಿಸು ಕೊಡಲು ಹೋಗಿ ಉಡಿ ತುಂಬಿಸಿಕೊಂಡ ಪ್ರಸಂಗ

ಕಾನೂನು ಬಲ್ಲ ಹೆಣ್ಣುಮಗಳ ಎದುರು ಯಾವ ಗುತ್ತಿಗೆದಾರನ ಆಟವೂ ನಡೆಯದು ಎಂಬುದು ನನ್ನ ಅಚಲ ನಂಬಿಕೆಯಾಗಿತ್ತು. ವಿಶ್ವವಿದ್ಯಾಲಯದಲ್ಲಿ ನಾನು ಓದಿದ್ದೇ ಕಾನೂನು. ‘ಹೊಣೆಗಾರಿಕೆ’ ಎಂಬ ಪದವನ್ನು ನಾನು ಉಚ್ಚರಿಸಿದರೆ ನಮ್ಮ ಮನೆಯ ಕುಕ್ಕರ್ ಕೂಡ ಸೀಟಿ ನಿಲ್ಲಿಸುತ್ತದೆ!

ಕಲಬುರಗಿಯ ಸೇಡಂ ರಸ್ತೆಯ ಬದಿಯ ಬಡಾವಣೆಯಲ್ಲಿ ನಾವು ಕಟ್ಟಿಸಿದ ಮನೆಯ ಬಚ್ಚಲಿಗೆ ಇಳಿಜಾರು ಇತ್ತು. ಉಲ್ಟಾ ಇತ್ತು. ಸುರಿದ ನೀರು ಮೋರಿಗೆ ಬೆನ್ನು ಹಾಕಿ, ಅತ್ಯಂತ ಗಾಂಭೀರ್ಯದಿಂದ ಹಾಲ್ ಪ್ರವೇಶಿಸುತ್ತಿತ್ತು. ಕಟ್ಟಿದವರು ಕಮಲಾಪುರದ ಶಿವಶರಣಪ್ಪ. ಫೋನ್ ಮಾಡಿದಾಗಲೆಲ್ಲ ಒಂದೇ ಉತ್ತರ: “ನಾಳಿಗಿ ಬಂದೇ ಬರ್ತೀನ್ರೀ ಮೇಡಮ್ಮೋರೆ!” ಆ ನಾಳೆ ಯಾವ ಕ್ಯಾಲೆಂಡರಿನಲ್ಲೂ ಇರಲಿಲ್ಲ.

ಅಷ್ಟರಲ್ಲಿ ಅತ್ತೆಯವರ ಮೊಣಕಾಲಿಗೆ ಶಸ್ತ್ರಚಿಕಿತ್ಸೆಯಾಯಿತು. ಆಸ್ಪತ್ರೆಯಿಂದ ಅವರು ನಮ್ಮ ಮನೆಗೇ ಬರಬೇಕು. ಒಮ್ಮೆ ಜಾರಿದರೂ ಕೆಲಸ ಕೆಟ್ಟಿತು ಎಂದು ವೈದ್ಯರು ಎಚ್ಚರಿಸಿದ್ದರು.

ನಾನು ರಣರಂಗಕ್ಕೆ ಇಳಿದೆ. ಕರಾರುಪತ್ರ, ಫೋಟೋಗಳು, ಬೇರೊಬ್ಬ ಎಂಜಿನಿಯರರ ವರದಿ ಎಲ್ಲವನ್ನೂ ಜೋಡಿಸಿದೆ. ‘ಸೇವಾ ನ್ಯೂನತೆಯನ್ನು ತಮ್ಮ ಸ್ವಂತ ಖರ್ಚಿನಲ್ಲಿ ಸರಿಪಡಿಸತಕ್ಕದ್ದು, ತಪ್ಪಿದಲ್ಲಿ ಜಿಲ್ಲಾ ಗ್ರಾಹಕ ಆಯೋಗದ ಮೊರೆ ಹೋಗಲಾಗುವುದು’ ಎಂದು ನೋಟಿಸು ಬರೆದೆ. ಓದಿ ನನಗೇ ಭಯವಾಯಿತು!

“ರಿಜಿಸ್ಟರ್ ಪೋಸ್ಟ್ ಮಾಡು, ಮುಗೀತು,” ಎಂದರು ಗಂಡ.

“ಪೋಸ್ಟ್ ಯಾಕ್ರೀ? ಎದುರಿಗಿ ನಿಂತು, ಕಣ್ಣಾಗ ಕಣ್ಣಿಟ್ಟು ಕೊಡ್ತೀನಿ!”

“ಕಣ್ಣಾಗ ಕಣ್ಣಿಟ್ರ ರಸೀದಿ ಬರಂಗಿಲ್ಲ. ಪೋಸ್ಟಿನಾಗ ಬರ್ತದ.”

ಗಂಡಸರಿಗೆ ಧೈರ್ಯ ಕಡಿಮೆ. ನಾನು ಕಮಲಾಪುರದ ಬಸ್ ಹತ್ತಿದೆ.

ಶಿವಶರಣಪ್ಪ ಮನೆಯಲ್ಲಿರಲಿಲ್ಲ, ಅವರ ತಾಯಿ ಇದ್ದರು. “ಬಿಸಿಲಾಗ ಬಂದೀದಿ, ಮೊದಲ ಕೂಡವಾ!” ಮಂಡಕ್ಕಿಯ ಸುಸಲಾ ಬಂತು, ಚಹಾ ಬಂತು, ಕೆಂಪು ಬಾಳೆಹಣ್ಣು ಬಂತು. ನೋಟಿಸನ್ನು ತೊಡೆಯ ಮೇಲಿಟ್ಟುಕೊಂಡು, ಕೋಪವನ್ನು ಕಾಪಾಡಿಕೊಳ್ಳುತ್ತಲೇ ಎಲ್ಲವನ್ನೂ ತಿಂದೆ. ಅಷ್ಟರಲ್ಲಿ ಶಿವಶರಣಪ್ಪ ಬಂದರು. ನಾನು ಎದ್ದು ನಿಂತೆ.

“ಈ ಮೂಲಕ ತಮಗೆ ತಿಳಿಯಪಡಿಸುವುದೇನೆಂದರೆ...”

“ತಡಿಯವಾ,” ಎಂದು ತಾಯಿ ಅಡ್ಡ ಬಂದರು. “ಮುತ್ತೈದಿ ಮೊದಲನೇ ಸಲ ಮನಿಗಿ ಬಂದಾಳ, ಹಂಗೇ ಕಳಸ್ತಾರೇನು? ಉಡಿ ಒಡ್ಡು!”

ಉಡಿ ಒಡ್ಡಲು ಎರಡೂ ಕೈ ಬೇಕು. ನೋಟಿಸನ್ನು ಬಾಯಲ್ಲಿ ಕಚ್ಚಿಕೊಳ್ಳುವುದು ನ್ಯಾಯಶಾಸ್ತ್ರಕ್ಕೆ ಮಾಡುವ ಅವಮಾನ. ಚೀಲಕ್ಕೆ ಹಾಕಿದೆ, ಸೆರಗೊಡ್ಡಿದೆ. ಅಕ್ಕಿ, ಕೊಬ್ಬರಿ ಬಟ್ಟಲು, ಕುಪ್ಪಸದ ಖಣ ಬಿದ್ದವು.

“ಇವತ್ತಿನಿಂದ ನೀ ಈ ಮನಿ ಮಗಳು ನೋಡು!”

“ಖರೇ ಅದ ತಂಗಿ,” ಎಂದರು ಗುತ್ತಿಗೆದಾರರು. ಮೇಡಮ್ಮೋರು ಅಲ್ಲಿಗೆ ಮುಗಿದರು!

ತುಂಬಿದ ಉಡಿ ಹಿಡಿದು ತವರುಮನೆಗೆ ನೋಟಿಸು ಜಾರಿ ಮಾಡುವ ವಿಧಾನವನ್ನು ನನಗೆ ಯಾವ ಪ್ರಾಧ್ಯಾಪಕರೂ ಕಲಿಸಿರಲಿಲ್ಲ. ನೋಟಿಸು ಚೀಲದಲ್ಲೇ ಕಲಬುರಗಿಗೆ ಮರಳಿತು.

“ಏನಂದಾನ?” ಗಂಡ ಕೇಳಿದರು.

“ತಂಗಿ ಅಂದಾನ್ರೀ.”

ಮರುದಿನ ಎದುರು ಮನೆಯ ನೂರ್‌ಜಹಾನ್ ಚಾಚಿ ಬಂದರು. ಅವರ ಮನೆ ಕಟ್ಟಿದವರೂ ಶಿವಶರಣಪ್ಪನವರೇ. “ಬೇಟಿ, ನಮ್ಮ ಬಚ್ಚಲದ ನೀರು ಬೀ ಹಾಲಿಗೇ ಬರ್ತದ. ಆ ಕಾಗದ ನಮಗೊಂದು ಬರದು ಕೊಡು.” ಹೆಸರು, ವಿಳಾಸ ಬದಲಿಸಿ ಕೊಟ್ಟೆ. ಆ ಜಾಣೆ ಕಮಲಾಪುರಕ್ಕೆ ಹೋಗಲಿಲ್ಲ. ರಿಜಿಸ್ಟರ್ ಪೋಸ್ಟ್ ಮಾಡಿದರು.

ವಾರದೊಳಗೆ ಶಿವಶರಣಪ್ಪ ಗೌಂಡಿಗಳನ್ನು ಕರೆದುಕೊಂಡು ಬಂದರು. ನಮ್ಮ ಬಾಗಿಲು ದಾಟಿ ಚಾಚಿಯ ಮನೆಗೆ! ನಾನು ಓಡಿದೆ. “ಏನಣ್ಣಾ ಇದು? ಹೊಣೆಗಾರಿಕೆ ಅನ್ನೋದು ಅದನೋ ಇಲ್ಲೋ?”

“ಸಿಟ್ಟಾಗಬ್ಯಾಡ ತಂಗಿ. ಅವರು ನೋಟಿಸ್ ಕಳಸ್ಯಾರ, ಓದಿದ್ರ ಎದಿ ಝಲ್ ಅಂತದ. ನಿಂದು ನಮ್ಮನಿ ಕೆಲಸ, ಎಲ್ಲಿ ಓಡಿ ಹೋಗ್ತದ?”

ಅತ್ತೆಯವರು ಆಸ್ಪತ್ರೆಯಿಂದ ಬಂದ ದಿನ ನಮ್ಮ ಹಾಲ್ ಇನ್ನೂ ಕೆರೆಯಾಗಿತ್ತು. ಚಾಚಿ ತಮ್ಮ ಮನೆಯಲ್ಲೇ ಹಾಸಿಗೆ ಹಾಸಿಕೊಟ್ಟರು. ಕಾನೂನು ನಿಜಕ್ಕೂ ಕೆಲಸ ಮಾಡುತ್ತದೆ. ಎದುರು ಮನೆಯಲ್ಲಿ!

ನಾನು ಸೀರೆ ಮೇಲೆತ್ತಿ ಕಟ್ಟಿ ನೀರು ಬಳಿಯುತ್ತಿದ್ದೆ. ಅತ್ತೆ ಚಾಚಿಯ ಮನೆಯ ಕಿಟಕಿಯಿಂದ ಕೂಗಿದರು: “ಸೊಸಿ, ಇಲ್ಲಿ ನೆಲ ಎಷ್ಟ ಛಲೋ ಒಣಗ್ಯಾದ! ಆ ನೋಟಿಸ್ ಬರದವರು ಭಾರಿ ಶಾಣ್ಯಾ ವಕೀಲರಂತ, ಶಿವಶರಣಪ್ಪನೇ ಹೇಳ್ಲಕತ್ತಾನ. ಅವರ ಕೈ-ಕಾಲು ಹಿಡದು ನೀನೂ ಒಂದು ಬರಿಸ್ಕೊಳವಾ!”