ನನ್ನ ಸೂತಕಕ್ಕೆ ನಾನೇ ಮಿಂದದ್ದು

ಮಾನ್ಯ ಥಿಯರಿಯವರ ಸನ್ನಿಧಾನಕ್ಕೆ,

ಚೆನ್ನೈ ಅಣ್ಣಾ ನಗರದಿಂದ ತುಂಗಾ ಮಾಡುವ ಅನಂತ ನಮಸ್ಕಾರಗಳು. ಇತ್ತ ಎಲ್ಲರೂ ಕ್ಷೇಮ, ನಾನೊಬ್ಬಳು ಸತ್ತಿದ್ದೇನೆ ಎಂಬುದನ್ನು ಬಿಟ್ಟರೆ.

ನಾನು ಆರನೆಯ ಕ್ಲಾಸಿಗೆ ಸ್ಕೂಲು ಬಿಟ್ಟು, ಮತ್ತೆ ಸೇರಿ, ಮತ್ತೆ ಬಿಟ್ಟವಳು, ತಪ್ಪಿದ್ದರೆ ಮನ್ನಿಸಬೇಕು. ತಮ್ಮ ಪರಿಚಯವಾದದ್ದು ನನ್ನ ತಮ್ಮ ಗುರುಚರಣನ ಮಗಳು ವೃಂದಾಳಿಂದ. ಅವಳು ಕಾಲೇಜಿನಲ್ಲಿ ಮೀಡಿಯಾ ಓದುತ್ತಾಳೆ. ಒಂದು ಮ್ಯೂಸಿಕ್ ವಿಡಿಯೋ ಮಾಡಿ ಅದರೊಳಗೆ ಪಾಠದ ಥಿಯರಿಯನ್ನು, ಅಂದರೆ ತಮ್ಮನ್ನು, ತೋರಿಸಬೇಕಂತೆ. ಹಿಂದೊಂದು ಬೇಸಿಗೆಯಲ್ಲಿ ಬೀದಿಯಲ್ಲಿ ಕೊಡ ಸಾಲಿಟ್ಟು ಕಾಯುವಾಗ, ನೀರಿನ ಲಾರಿ ಬರದಿದ್ದರೆ ಏನು ಗತಿ ಎಂಬ ಗಾಬರಿ ತಡೆಯಲಾರದೆ ನಾನೇ ಕಟ್ಟಿದ ಹಾಡೊಂದಿದೆ. ಗಾಬರಿಯಾದಾಗಲೆಲ್ಲ ಹಾಡಿಕೊಳ್ಳುತ್ತೇನೆ, ಅಂದರೆ ದಿನವಿಡೀ. ಅದನ್ನೇ ಕೊಡು ಅತ್ತೆ ಎಂದಳು, ಕೊಟ್ಟೆ.

ಮೊದಲು ತಮ್ಮ 'ಮೇಲ್ ಗೇಜ್' ಬಂತು, ಅದು ಕೂಡದು ಎಂದಳು. ಗೆಜ್ಜೆ ಎಂದುಕೊಂಡು ಕಾಲುಚೈನು ಬಿಚ್ಚಿಟ್ಟೆ. ಗಂಡಸರ ನೋಟವಂತೆ ಅದು. ಅದಕ್ಕೆ ಅಂಜಿ ನನ್ನ ಮುಖವನ್ನೇ ತೆಗೆದು ಬರೀ ಕೊಡಗಳನ್ನು ತೋರಿಸಿದ್ದಾಳೆ. ಈ ವಯಸ್ಸಿನಲ್ಲಿ ನನ್ನನ್ನು ಯಾವನಾದರೂ ನೋಡಿಯಾನೆಂದು ತಾವಾದರೂ ಭಯಪಟ್ಟಿರಲ್ಲ, ಋಣಿಯಾಗಿದ್ದೇನೆ.

ವಿಷಯ ಅದಲ್ಲ. ಮೊನ್ನೆ ಅವಳು ಗೆಳತಿಗೆ ಫೋನಿನಲ್ಲಿ, "ಆಥರ್ ಡೆಡ್ ಪಾ, ಪೇರು ವೇಂಡಾಂ" ಅನ್ನುತ್ತಿದ್ದಳು. ಪಾಪ, ಯಾರೋ ಮೇಷ್ಟ್ರು ಹೋಗಿಬಿಟ್ಟರು, ಹೆಸರು ಹಾಕುವುದೂ ಬೇಡವೆನ್ನುತ್ತಿದ್ದಾಳೆ ಎಂದುಕೊಂಡು ಉಟ್ಟ ಸೀರೆಯಲ್ಲೇ ತಲೆಗೆ ನೀರು ಹುಯ್ದುಕೊಂಡೆ. ದೇವರ ದೀಪ ಹಚ್ಚಲೋ ಬೇಡವೋ ತಿಳಿಯದೆ ನುಂಗಂಬಾಕ್ಕಂನ ಆಫೀಸಿನಲ್ಲಿದ್ದ ಗುರುಚರಣನಿಗೆ ಫೋನು ಮಾಡಿ, ಆಥರ್ ಹೋದರಂತೆ ಕಣೋ, ನಮಗೆ ಎಷ್ಟು ದಿನ ಮೈಲಿಗೆ ಎಂದು ಕೇಳಿದೆ. "ಅಕ್ಕಾ, ಆಥರ್ ಅಂದ್ರೆ ಬರೆದೋರು. ಆ ಹಾಡು ಬರೆದಿದ್ದು ನೀನೇ ಅಲ್ವೇನೇ?" ಎಂದ. ನಾನು ಒದ್ದೆ ಸೀರೆಯಲ್ಲೇ ಹೋಗಿ ವೃಂದಾಳನ್ನು ಕೇಳಿದೆ.

ಹಾಡು ಹುಟ್ಟಿದ ಮೇಲೆ ಅದು ಕೇಳುವವರದ್ದು, ಕಟ್ಟಿದವರು ಸತ್ತ ಹಾಗೆ, ಇದು ಥಿಯರಿ, "ಸುಮ್ಮಾ ಟೆನ್ಷನ್ ಆಗಾದೀಂಗ ಅತ್ತೆ" ಎಂದು ವೃಂದಾ ಸಮಾಧಾನ ಮಾಡಿದಳು. ಎಂಥ ಮಹಿಮೆ ತಮ್ಮದು! ಬಿಪಿ ನೋಡಿದ ಡಾಕ್ಟರು ಏನೂ ಇಲ್ಲವೆಂದು ಕಳಿಸಿದ ನನ್ನನ್ನು ತಾವು ಕಾಲೇಜಿನಲ್ಲಿ ಕೂತಲ್ಲಿಂದಲೇ ಮುಗಿಸಿದಿರಿ. ವಿಡಿಯೋದ ಕೊನೆಯಲ್ಲಿ ಓಡುವ ಹೆಸರುಗಳಲ್ಲಿ 'ನಿರ್ದೇಶನ: ವೃಂದಾ' ಮಾತ್ರ ದಪ್ಪಕ್ಷರದಲ್ಲಿದೆ. ಹಾಡು ಕಟ್ಟಿದವಳಿಗೆ ಸಾವು, ಕ್ಯಾಮೆರಾ ಹಿಡಿದವಳಿಗೆ ದೀರ್ಘಾಯುಸ್ಸು.

ದಯವಿಟ್ಟು ಡೆತ್ ಸರ್ಟಿಫಿಕೇಟ್ ಬೇಗ ಕಳಿಸಿಕೊಡಬೇಕು. ಸತ್ತವಳು ರೇಷನ್ ಅಂಗಡಿಯಲ್ಲಿ ಬೆರಳೊತ್ತಿದರೆ ಪೊಲೀಸರು ಬಂದಾರೆಂದು ನಿದ್ದೆಯಿಲ್ಲ. ಸತ್ತ ಮೇಲೂ ಈ ಗಾಬರಿ ಯಾಕೆ ಹೋಗಿಲ್ಲ ಎಂಬುದಕ್ಕೂ ಒಂದು ಥಿಯರಿ ದಯಪಾಲಿಸಬೇಕು. ಇಲ್ಲವೇ, ಶುಕ್ರವಾರ ಕಾಲೇಜಿನಲ್ಲಿ ವಿಡಿಯೋ ಹಾಕುವುದರೊಳಗೆ 'ಹಾಡು: ತುಂಗಾ' ಎಂದು ಸಣ್ಣಕ್ಷರದಲ್ಲಾದರೂ ಸೇರಿಸಲು ಅಪ್ಪಣೆ ಕೊಡಬೇಕು. ಮಗುವಿನ ಮಾರ್ಕು ಕಡಿಮೆಯಾಗುವುದಾದರೆ ಬೇಡ. ಆದರೂ ಸೇರಿಸಿ.

ತಮ್ಮ ವಿಶ್ವಾಸಿ,
ದಿವಂಗತ ತುಂಗಾ

ತಾ.ಕ.: ಹೆಸರು ಬಾರದಿದ್ದರೆ ನನ್ನ ವೈಕುಂಠ ಸಮಾರಾಧನೆಗೆ ತಾವು ತಪ್ಪದೆ ಊಟಕ್ಕೆ ಬರಬೇಕು. ನಾನೇ ಬಡಿಸುತ್ತೇನೆ. ಅಡುಗೆ ಯಾರದೆಂದು ಮಾತ್ರ ಕೇಳಬಾರದು.